ಫೋಕಸ್ ಹಿಡಿಯದ ಲೆನ್ಸ್: ಕೊಡಗಿನ ಮಂಜು-ಮಳೆಯಲ್ಲಿ ದೋಷ ಪತ್ತೆ ಹಚ್ಚುವ ಬಗೆ

ಆಟೋಫೋಕಸ್ ಕೈಕೊಟ್ಟಿತು ಎಂದು ರಿಪೇರಿಗೆ ಹೊರಡುವ ಲೆನ್ಸ್‌ಗಳಲ್ಲಿ ಹಲವು ಕೆಟ್ಟೇ ಇರುವುದಿಲ್ಲ. ಬದಿಯ ಸ್ವಿಚ್ ಎಎಫ್‌ನಿಂದ (ತಾನಾಗಿ ಫೋಕಸ್) ಎಂಎಫ್‌ಗೆ (ಕೈಯಿಂದ ಫೋಕಸ್) ಜರುಗಿರುತ್ತದೆ, ಎದುರಿನ ವಸ್ತು ತೀರಾ ಹತ್ತಿರ ಇರುತ್ತದೆ, ಇಲ್ಲವೇ ಮಂಜಿನೊಳಗೆ ಕ್ಯಾಮೆರಾಕ್ಕೆ ಹಿಡಿಯಲು ಏನೂ ಸಿಕ್ಕಿರುವುದಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಹೋಗಿ "ಸ್ವಿಚ್ ಎಂಎಫ್‌ನಲ್ಲಿತ್ತಲ್ಲ ಸಾರ್" ಅನ್ನಿಸಿಕೊಂಡು ಬರುವ ಬದಲು ಒಂದು ಗಂಟೆ ಮನೆಯ ಜಗಲಿಯಲ್ಲೇ ಕೂತು ಪರೀಕ್ಷೆ ಮಾಡುವುದು ಲೇಸು. ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದರೆ ಸರಿಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಮೊದಲಿಗೆ, ಇದು ಫೋಕಸ್‌ನದೇ ತೊಂದರೆಯೆ?

ಮಸುಕಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ನೋಡಿ. ಬೆಳಕಿನ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತೆ ಗೀರಾಗಿದ್ದರೆ ಅದು ಕೈ ಅಲುಗಿದ್ದು, ಫೋಕಸ್ ಅಲ್ಲ. 500 ಎಂಎಂ ಲೆನ್ಸಿಗೆ ಕನಿಷ್ಠ 1/500 ಸೆಕೆಂಡ್ ಶಟರ್ ವೇಗ ಬೇಕು, ಸಣ್ಣ ಸೆನ್ಸರಿನ ಕ್ಯಾಮೆರಾ ಆದರೆ 1/800 ಇಟ್ಟುಕೊಳ್ಳಿ. ಹಕ್ಕಿ ಮಸುಕಾಗಿ ಅದರ ಹಿಂದಿನ ಕೊಂಬೆಯೋ ಮುಂದಿನ ಎಲೆಯೋ ಚೂಪಾಗಿ ಬಂದಿದ್ದರೆ ಫೋಕಸ್ ಬೇರೆಡೆ ಕೂತಿದೆ ಎಂದರ್ಥ. ಚಿತ್ರದಲ್ಲಿ ಎಲ್ಲೂ ಚೂಪಿಲ್ಲದೆ ಎಲ್ಲದರ ಮೇಲೂ ಹಾಲು ಚೆಲ್ಲಿದಂತಿದ್ದರೆ ಗಾಜಿನ ಮೇಲೆ ಅನುಮಾನ ಪಡಿ: ತೇವ, ಬೂಷ್ಟು, ಇಲ್ಲವೇ ಅಗ್ಗದ ಫಿಲ್ಟರ್. ಬಿರುಬಿಸಿಲಿನಲ್ಲಿ ಹಾರಂಗಿ ಹಿನ್ನೀರಿನ ಆಚೆ ದಡವನ್ನೋ ಟಾರು ರಸ್ತೆಯ ದೂರದ ತುದಿಯನ್ನೋ ತೆಗೆದ ಚಿತ್ರ ಕುದಿಯುವ ನೀರಿನಂತೆ ಕಲಕಿದ್ದರೆ ಅದು ಬಿಸಿಗಾಳಿಯ ಅಲೆ. ಅದಕ್ಕೆ ಎಷ್ಟು ದುಬಾರಿ ಲೆನ್ಸಿನಲ್ಲೂ ಮದ್ದಿಲ್ಲ, ಬೆಳಿಗ್ಗೆ ಬೇಗ ಬನ್ನಿ.

ವ್ಯೂಫೈಂಡರಿನಲ್ಲಿ ಮಸುಕು, ಆದರೆ ತೆಗೆದ ಚಿತ್ರ ಚೆನ್ನಾಗಿದೆ ಎಂದಾದರೆ ಲೆನ್ಸಿನ ತಪ್ಪಿಲ್ಲ. ಕಣ್ಣಿಡುವ ಕಿಂಡಿಯ ಪಕ್ಕದ ಪುಟ್ಟ ಡಯಾಪ್ಟರ್ ಚಕ್ರ ಬ್ಯಾಗಿನೊಳಗೆ ಉಜ್ಜಿ ತಿರುಗಿರುತ್ತದೆ. ಒಳಗೆ ಕಾಣುವ ಅಂಕಿಗಳು ಸ್ಪಷ್ಟವಾಗುವ ತನಕ ಅದನ್ನು ತಿರುಗಿಸಿ. ಕನ್ನಡಕ ಹಾಕಿ ನೋಡುವವರು ಹಾಕಿಕೊಂಡೇ ಸರಿಮಾಡಬೇಕು.

ಸ್ವಿಚ್ಚು, ಗುಂಡಿ, ಮೆನು

ಲೆನ್ಸಿನ ಬದಿಯ ಎಎಫ್/ಎಂಎಫ್ ಸ್ವಿಚ್ ನೋಡಿ. ನಿಕಾನ್‌ನ ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಬಾಡಿಯ ಮೇಲೂ ಬೇರೆ ಒಂದು ಸನ್ನೆ ಇರುತ್ತದೆ, ಎರಡೂ ಎಎಫ್‌ನಲ್ಲಿರಬೇಕು. ಫ್ಯೂಜಿಫಿಲ್ಮ್‌ನ ಬಹಳಷ್ಟು ಕ್ಯಾಮೆರಾಗಳಲ್ಲಿ ಮುಂಭಾಗದಲ್ಲಿ ಎಂ (ಕೈಯಿಂದ), ಸಿ (ನಿರಂತರ), ಎಸ್ (ಒಂದು ಸಲ) ಎಂಬ ತಿರುಗುಗುಂಡಿ ಇದೆ. ಬ್ಯಾಗಿನಿಂದ ಎಳೆಯುವಾಗ ಅದು ಎಂ ಕಡೆಗೆ ಹೊರಳುವುದು ಮಾಮೂಲು. ಸ್ವಿಚ್ಚೇ ಇಲ್ಲದ ಲೆನ್ಸ್ ಆದರೆ ಮೆನುವಿನಲ್ಲಿ ಫೋಕಸ್ ಮೋಡ್ ಹುಡುಕಿ.

ಉದ್ದ ಲೆನ್ಸ್‌ಗಳಲ್ಲಿ ಇನ್ನೊಂದು ಸ್ವಿಚ್ ಇದೆ, ದೂರದ ಮಿತಿ ಹಾಕುವ ಲಿಮಿಟರ್. ನಿಕಾನ್ 200-500ರಲ್ಲಿ ಅದು 6 ಮೀಟರಿನಿಂದ ಆಚೆಗೆ ಎಂಬ ಸ್ಥಾನದಲ್ಲಿದ್ದರೆ ಬೇಲಿ ಮೇಲೆ ಕೂತ ಹಕ್ಕಿ ನಾಲ್ಕು ಮೀಟರಿನಲ್ಲಿದ್ದರೂ ಸಿಗದು. ಸಿಗ್ಮಾ 150-600 ಕಂಟೆಂಪರರಿಯಲ್ಲಿ ಇದಕ್ಕೆ ತದ್ವಿರುದ್ಧವೂ ಆಗುತ್ತದೆ: ಸ್ವಿಚ್ 2.8ರಿಂದ 10 ಮೀಟರ್ ಸ್ಥಾನದಲ್ಲಿ ಉಳಿದರೆ ದುಬಾರೆಯಲ್ಲಿ ಹೊಳೆಯಾಚೆ ನಿಂತ ಆನೆಯಷ್ಟು ದೊಡ್ಡ ಪ್ರಾಣಿಯೂ ಫೋಕಸ್‌ಗೆ ಬರುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಲಿಮಿಟರ್ ಪೂರ್ತಿ ತೆರೆದಿರಲಿ.

ಶಟರ್ ಬಟನ್ ಅರ್ಧ ಒತ್ತಿದರೆ ಏನೂ ಆಗುವುದಿಲ್ಲ, ಪೂರ್ತಿ ಒತ್ತಿದರೆ ಮಸುಕು ಚಿತ್ರ ಬರುತ್ತದೆ ಅಂದರೆ ಬ್ಯಾಕ್ ಬಟನ್ ಫೋಕಸ್ ಮೇಲೆ, ಅಂದರೆ ಫೋಕಸ್ ಕೆಲಸವನ್ನು ಹಿಂಬದಿಯ ಗುಂಡಿಗೆ ಕೊಟ್ಟಿರುವ ಸೆಟ್ಟಿಂಗ್ ಮೇಲೆ, ಕಣ್ಣಿಡಿ. ಸೆಕೆಂಡ್ ಹ್ಯಾಂಡ್ ಬಾಡಿ ಕೊಂಡವರಿಗೆ, ಮದುವೆ ಫೋಟೋ ತೆಗೆಯುವ ಗೆಳೆಯನಿಂದ ಎರವಲು ತಂದವರಿಗೆ ಇದು ಆಗಾಗ ಎದುರಾಗುತ್ತದೆ. ಹಿಂದಿನ ಎಎಫ್-ಆನ್ ಗುಂಡಿ ಒತ್ತಿ ನೋಡಿ. ಅಲ್ಲಿ ಫೋಕಸ್ ಆದರೆ ಲೆನ್ಸ್ ಗಟ್ಟಿಮುಟ್ಟಾಗಿದೆ. ಕಸ್ಟಮ್ ಸೆಟ್ಟಿಂಗ್‌ನಲ್ಲಿ ಫೋಕಸ್ಸನ್ನು ಮತ್ತೆ ಶಟರ್ ಬಟನ್ನಿಗೆ ಕೊಡಿ, ಅಥವಾ ಹಾಗೇ ಅಭ್ಯಾಸ ಮಾಡಿಕೊಳ್ಳಿ. ಹಕ್ಕಿ ತೆಗೆಯುವವರಿಗೆ ಅದೇ ವಾಸಿ.

ಒಂದು ಸಲ ಫೋಕಸ್ ಮಾಡಿ ನಿಲ್ಲಿಸುವ ಒನ್ ಶಾಟ್ ಅಥವಾ ಎಎಫ್-ಎಸ್ ಮೋಡಿನಲ್ಲಿ ಫೋಕಸ್ ಸಿಗದೆ ಶಟರ್ ಬೀಳದಿರುವುದು ದೋಷವಲ್ಲ, ಕ್ಯಾಮೆರಾವನ್ನು ಹಾಗೇ ರೂಪಿಸಿದ್ದಾರೆ. ಚಲಿಸುವ ವಸ್ತುವನ್ನು ಬಿಡದೆ ಹಿಂಬಾಲಿಸುವ ಎಐ ಸರ್ವೋ ಅಥವಾ ಎಎಫ್-ಸಿಯಲ್ಲಿ ಬೀಪ್ ಶಬ್ದ ಬಾರದಿರುವುದೂ ಅಷ್ಟೆ. ಹಾಕಿ ಪಂದ್ಯ ತೆಗೆಯುವಾಗ ಎಎಫ್-ಸಿ ಬೇಕೇ ಬೇಕು. ಅದರಲ್ಲೂ ಗೋಲ್ ಹಿಂದೆ ಕೂತು ತೆಗೆದರೆ ಕ್ಯಾಮೆರಾ ಕೀಪರನ್ನು ಬಿಟ್ಟು ಬಲೆಯನ್ನು ಹಿಡಿಯುತ್ತದೆ. ತಾನಾಗಿ ಫೋಕಸ್ ಪಾಯಿಂಟ್ (ಫೋಕಸ್ ಕೂರುವ ಜಾಗ) ಆರಿಸುವ ಏರಿಯಾ ಮೋಡ್ ಸಾಮಾನ್ಯವಾಗಿ ಹತ್ತಿರದ ವಸ್ತುವಿಗೇ ಮನಸೋಲುತ್ತದೆ. ಒಂದೇ ಪಾಯಿಂಟಿಗೆ ಇಳಿಸಿ.

ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇನ್ನೆರಡು ತಮಾಷೆಗಳಿವೆ. ಎಡಗಣ್ಣಿಟ್ಟು ನೋಡುವವರ ಮೂಗು ಟಚ್ ಸ್ಕ್ರೀನಿಗೆ ತಾಗಿ ಫೋಕಸ್ ಪಾಯಿಂಟ್ ಮೂಲೆಗೆ ಓಡುತ್ತದೆ. ಮೆನುವಿನಲ್ಲಿ ಟಚ್ ಪ್ಯಾಡ್ ಬಂದ್ ಮಾಡಿಬಿಡಿ. ಗುರುತಿಸುವ ವಸ್ತುವನ್ನು "ಮನುಷ್ಯ" ಎಂದಿಟ್ಟು ಮಂಗಟ್ಟೆ ಹಕ್ಕಿಯನ್ನು ತೆಗೆಯಹೋದರೆ ಕ್ಯಾಮೆರಾ ಎಲೆಗಳ ಸಂದಿಯಲ್ಲಿ ಮುಖ ಹುಡುಕುತ್ತ ಕೂರುತ್ತದೆ.

ಎಷ್ಟು ಹತ್ತಿರ?

ಹೂಮಳೆ ಬಿದ್ದು ಕಾಫಿ ಹೂ ಅರಳಿದ ವಾರದಲ್ಲಿ ಕೇಳಿಬರುವ ದೂರುಗಳ ಮೂಲ ಇದೇ. ಪ್ರತಿ ಲೆನ್ಸಿಗೂ ಕನಿಷ್ಠ ದೂರವೊಂದಿದೆ, ಅದಕ್ಕಿಂತ ಸಮೀಪ ಹೋದರೆ ಮೋಟಾರ್ ಹಿಂದೆಮುಂದೆ ಓಡಿ ಕೈಚೆಲ್ಲುತ್ತದೆ. ಕ್ಯಾನನ್ 18-55 ಎಸ್‌ಟಿಎಂಗೆ 25 ಸೆಂಟಿಮೀಟರ್, ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂಗೆ 35, ಅದರ ಹಳೆಯ ಎರಡನೇ ಆವೃತ್ತಿಗೆ 45. ಕ್ಯಾನನ್ 75-300ಕ್ಕೆ ಒಂದೂವರೆ ಮೀಟರ್, ಸೋನಿ 200-600ಕ್ಕೆ 2.4 ಮೀಟರ್. ಈ ಅಳತೆ ಲೆನ್ಸಿನ ತುದಿಯಿಂದ ಅಲ್ಲ, ಬಾಡಿಯ ಮೇಲೆ ವೃತ್ತದ ನಡುವೆ ಗೆರೆ ಎಳೆದ ಗುರುತಿನಿಂದ. ಸೆನ್ಸರ್ ಇರುವುದು ಅಲ್ಲಿ. ಒಂದು ಹೆಜ್ಜೆ ಹಿಂದೆ ಸರಿದಾಗ ಫೋಕಸ್ ಹಿಡಿದರೆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಕಾಫಿ ಹೂಗೊಂಚಲು ಬಿಳಿಯ ಮೇಲೆ ಬಿಳಿ. ಗೊಂಚಲಿನ ನಡುವೆ ಪಾಯಿಂಟ್ ಇಟ್ಟರೆ ಹಿಡಿತ ಸಿಗದು. ಎಸಳು ಹಸಿರು ಎಲೆಯ ಮೇಲೆ ಹಾದುಹೋಗುವ ಅಂಚಿನಲ್ಲಿ ಇಡಿ.

ಮಂಜಿನಲ್ಲಿ ಲೆನ್ಸ್ ಏಕೆ ತಡಕಾಡುತ್ತದೆ

ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಫೋಕಸ್ ಕೆಲಸ ಮಾಡುವುದು ಫೇಸ್ ಡಿಟೆಕ್ಷನ್‌ನಿಂದ (phase, ಮುಖ ಗುರುತಿಸುವ face ಅಲ್ಲ). ಲೆನ್ಸಿನ ಎರಡು ಅಂಚುಗಳಿಂದ ಬಂದ ಬೆಳಕನ್ನು ಪಕ್ಕಪಕ್ಕ ಇಟ್ಟು, ಎರಡು ಬಿಂಬಗಳ ನಡುವಿನ ಅಂತರ ಅಳೆದು, ಎಷ್ಟು ಮತ್ತು ಯಾವ ಕಡೆ ಸರಿಯಬೇಕೆಂದು ಮೋಟಾರಿಗೆ ಹೇಳುತ್ತದೆ. ಹೋಲಿಸಲು ಕಪ್ಪು-ಬಿಳುಪಿನ ಅಂಚೊಂದು ಬೇಕು. ಮಾಂದಲಪಟ್ಟಿಯ ಮಂಜಿನಲ್ಲಿ ಅಂಚೇ ಇಲ್ಲ. ಎರಡೂ ಬಿಂಬ ಒಂದೇ ಬೂದು. ಲೆನ್ಸ್ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆಯುವುದು ಅದಕ್ಕೇ.

ಹಾಗಾಗಿ ಅಂಚನ್ನು ನೀವೇ ಹುಡುಕಿಕೊಡಬೇಕು. ಗುಡ್ಡದ ಏಣು ಆಕಾಶಕ್ಕೆ ತಾಗುವ ಗೆರೆ, ಒಂಟಿ ಮರದ ಕಾಂಡ, ಮುಂದೆ ನಿಂತವರ ಕಪ್ಪು ಕೊಡೆಯ ಅಂಚು, ಯಾವುದಾದರೂ ಆದೀತು. ನಡುವಿನ ಪಾಯಿಂಟ್ ಬಳಸಿ. ಬಹುತೇಕ ಡಿಎಸ್‌ಎಲ್‌ಆರ್‌ಗಳಲ್ಲಿ ಅಡ್ಡಗೆರೆ, ಉದ್ದಗೆರೆ ಎರಡನ್ನೂ ಗುರುತಿಸುವ ಕ್ರಾಸ್ ಟೈಪ್ ಪಾಯಿಂಟ್ ಇರುವುದು ನಡುವೆ. ಅಗ್ಗದ ಬಾಡಿಗಳಲ್ಲಿ ಅಂಚಿನ ಪಾಯಿಂಟುಗಳು ಒಂದೇ ಬಗೆಯ ಗೆರೆ ನೋಡುತ್ತವೆ, ಏಣಿನ ಅಡ್ಡಗೆರೆ ಅವುಗಳ ಕಣ್ಣಿಗೆ ಬೀಳದೆ ಹೋಗಬಹುದು. ಕ್ಯಾಮೆರಾವನ್ನು ಸ್ವಲ್ಪ ಓರೆಯಾಗಿ ಹಿಡಿದು ಫೋಕಸ್ ಮಾಡಿ, ಅರ್ಧ ಒತ್ತಿದಲ್ಲೇ ಹಿಡಿದು ನೇರ ಮಾಡಿಕೊಂಡು ತೆಗೆಯಿರಿ.

ಇದೂ ಆಗದಿದ್ದರೆ ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಡುವ ಬಗೆ) ಹಾಕಿ, ಎಂಎಫ್‌ಗೆ ತಿರುಗಿಸಿ, ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ ಕೈಯಲ್ಲೇ ಕೂರಿಸಿ. ರಿಂಗನ್ನು ಕೊನೆಯ ತನಕ ತಿರುಗಿಸಿದರೆ ಅನಂತ ದೂರ ಸಿಕ್ಕಿತು ಎಂದುಕೊಳ್ಳಬೇಡಿ. ಈಗಿನ ಬಹಳಷ್ಟು ಲೆನ್ಸ್‌ಗಳು ಅನಂತವನ್ನೂ ದಾಟಿ ತಿರುಗುತ್ತವೆ, ಬಿಸಿ-ತಂಡಿಗೆ ಒಳಗಿನ ಭಾಗಗಳು ಹಿಗ್ಗಿ ಕುಗ್ಗಲಿ ಎಂದು ಬಿಟ್ಟ ಜಾಗ ಅದು.

ಅಬ್ಬಿ, ಇರ್ಪು ಜಲಪಾತದ ಎದುರು ಬೆಳಕು ತಗ್ಗಿಸುವ ದಟ್ಟ ಎನ್‌ಡಿ ಫಿಲ್ಟರ್ ಹಾಕಿದ ಮೇಲೆ ಫೋಕಸ್ ಹುಡುಕಿದರೆ ಸಿಗುವುದಿಲ್ಲ. ಮೊದಲು ಫಿಲ್ಟರ್ ಇಲ್ಲದೆ ಫೋಕಸ್ ಮಾಡಿ, ಎಂಎಫ್‌ಗೆ ಬದಲಿಸಿ, ಆಮೇಲೆ ರಿಂಗ್ ಅಲುಗದಂತೆ ಫಿಲ್ಟರ್ ತಿರುಗಿಸಿ ಕೂರಿಸಿ. ಪೋಲರೈಸರ್ ಕೊಳ್ಳುವಾಗ ಡಿಎಸ್‌ಎಲ್‌ಆರ್‌ಗೆ ಸರ್ಕ್ಯುಲರ್ ಬಗೆಯದೇ ಆಗಬೇಕು. ಹಳೆಯ ಲೀನಿಯರ್ ಪೋಲರೈಸರ್ ಅರೆಪಾರದರ್ಶಕ ಕನ್ನಡಿಯ ಬೆಳಕಿನ ಹಂಚಿಕೆಯನ್ನು ಕೆಡಿಸಿ ಫೋಕಸನ್ನೂ ಬೆಳಕಿನ ಅಳತೆಯನ್ನೂ ತಪ್ಪಿಸುತ್ತದೆ. ಇನ್ನು ಉದ್ದ ಲೆನ್ಸಿಗೆ ಹಾಕಿದ ಅಗ್ಗದ ಯುವಿ ಫಿಲ್ಟರನ್ನು ಪರೀಕ್ಷೆಗೆ ಮೊದಲೇ ಬಿಚ್ಚಿಡಿ. "ಲೆನ್ಸ್ ಸಾಫ್ಟ್" ಎಂಬ ಎಷ್ಟೋ ದೂರು ಅಲ್ಲಿಗೇ ಮುಗಿಯುತ್ತದೆ.

ಹುತ್ತರಿ ಹಬ್ಬದ ದಿನಗಳಲ್ಲಿ ಕತ್ತಲಾದ ಮೇಲೆ ಮಂದ್‌ನಲ್ಲಿ (ಊರ ಬಯಲು) ಕೋಲಾಟ ತೆಗೆಯುವಾಗ ಬೇರೆ ಲೆಕ್ಕ. ಕತ್ತಲಲ್ಲಿ ಸಹಾಯಕ್ಕೆ ಬೆಳಗುವ ಎಎಫ್ ಅಸಿಸ್ಟ್ ದೀಪ ಎಎಫ್-ಸಿ ಮೋಡಿನಲ್ಲಿ ಸಾಮಾನ್ಯವಾಗಿ ಹತ್ತುವುದಿಲ್ಲ, ಹತ್ತಿದರೂ ಕೆಲವೇ ಮೀಟರ್ ತಲುಪುತ್ತದೆ. ಅಗಲ ಅಪರ್ಚರಿನ (ಬೆಳಕು ಒಳಬರುವ ಕಿಂಡಿ) 35 ಅಥವಾ 50 ಎಂಎಂ ಲೆನ್ಸ್ ಹಾಕಿ, ನಡುವಿನ ಪಾಯಿಂಟನ್ನು ಬಿಳಿ ಬಟ್ಟೆಯೂ ಕಪ್ಪು ಕುಪ್ಯವೂ (ಕೊಡವರ ಉದ್ದ ಅಂಗಿ) ಕೂಡುವ ಜಾಗಕ್ಕೆ ಇಡಿ. ಕೆಲವು ಮಿರರ್‌ಲೆಸ್ ಕ್ಯಾಮೆರಾಗಳು ನೀವಿಟ್ಟ ಅಪರ್ಚರಿನಲ್ಲೇ ಫೋಕಸ್ ಹುಡುಕುತ್ತವೆ. ಎಫ್/8ರಲ್ಲಿ ತಡವರಿಸಿದರೆ ಎಫ್/2.8ಕ್ಕೆ ತೆರೆದು ನೋಡಿ (ಎಫ್ ಅಂಕಿ ಕಿರಿದಾದಷ್ಟೂ ಕಿಂಡಿ ಅಗಲ).

ದೂರದ್ದನ್ನು ಇನ್ನಷ್ಟು ಹತ್ತಿರ ಎಳೆಯಲು ಲೆನ್ಸ್-ಬಾಡಿ ನಡುವೆ ಟೆಲಿಕನ್ವರ್ಟರ್ ಹಾಕಿದ ಮೇಲೆ ಫೋಕಸ್ ನಿಂತಿತೆ? 1.4 ಪಟ್ಟಿನದು ಒಂದು ಸ್ಟಾಪ್ (ಅರ್ಧ), 2 ಪಟ್ಟಿನದು ಎರಡು ಸ್ಟಾಪ್ (ಮುಕ್ಕಾಲು) ಬೆಳಕು ನುಂಗುತ್ತದೆ. ಎಫ್/5.6 ಲೆನ್ಸ್ ಎಫ್/8 ಅಥವಾ ಎಫ್/11 ಆಗುತ್ತದೆ. ಬಹಳಷ್ಟು ಡಿಎಸ್‌ಎಲ್‌ಆರ್‌ಗಳು ಎಫ್/5.6ರ ತನಕ ಮಾತ್ರ ಫೋಕಸ್ ಖಾತ್ರಿ ಕೊಡುತ್ತವೆ, ಮೇಲ್ದರ್ಜೆಯವು ಎಫ್/8ರಲ್ಲಿ ನಡುವಿನ ಕೆಲವು ಪಾಯಿಂಟುಗಳಲ್ಲಿ.

ಜೋಡಿ ಸರಿಯಿದೆಯೆ?

ನಿಕಾನ್‌ನವರು ಇದನ್ನು ಓದಲೇಬೇಕು. ಎಎಫ್-ಡಿ ಲೆನ್ಸ್‌ಗಳ ಒಳಗೆ ಮೋಟಾರ್ ಇಲ್ಲ. ಬಾಡಿಯ ಮೋಟಾರ್ ಒಂದು ಸ್ಕ್ರೂ ಮೂಲಕ ಅವನ್ನು ತಿರುಗಿಸುತ್ತದೆ. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ, ಡಿಎಸ್‌ಎಲ್‌ಆರ್ ಲೆನ್ಸನ್ನು ಮಿರರ್‌ಲೆಸ್‌ಗೆ ಜೋಡಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 50 ಎಂಎಂ ಡಿ ಲೆನ್ಸ್ ತಂದು ಡಿ5600ಕ್ಕೆ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಹೊಸ ಎಎಫ್-ಪಿ ಲೆನ್ಸ್‌ಗಳದು ತಲೆಕೆಳಗು ಕಥೆ: ಡಿ90, ಡಿ5100ರಂಥ ಹಳೆಯ ಬಾಡಿಗಳಲ್ಲಿ ಅವು ಫೋಕಸ್ ಮಾಡವು. ಪರದೆಯಲ್ಲಿ ಎಫ್‌ಇಇ ಎಂದು ಮಿನುಗಿದರೆ ಅಪರ್ಚರ್ ರಿಂಗನ್ನು ಅತಿ ದೊಡ್ಡ ಅಂಕಿಗೆ ತಿರುಗಿಸಿ ಲಾಕ್ ಮಾಡಿ. ಇದ್ಯಾವುದೂ ರಿಪೇರಿಯಿಂದ ಸರಿಹೋಗುವಂಥದ್ದಲ್ಲ.

ಕಾಂಟ್ಯಾಕ್ಟ್ ಒರೆಸುವುದು

ಕ್ಯಾನನ್‌ನಲ್ಲಿ ಎರರ್ 01, ನಿಕಾನ್‌ನಲ್ಲಿ ಅಪರ್ಚರ್ ಅಂಕಿಯ ಜಾಗದಲ್ಲಿ ಬರೀ ಗೆರೆಗಳು, ಅಥವಾ ಲೆನ್ಸನ್ನು ಸ್ವಲ್ಪ ಅಲುಗಿಸಿದರೆ ಫೋಕಸ್ ಬಂದು ಹೋಗುವುದು: ಮೂರೂ ಲೆನ್ಸ್-ಬಾಡಿ ಸಂಪರ್ಕ ಕಡಿದಿದೆ ಎನ್ನುವ ಸೂಚನೆ. ಮಳೆಗಾಲದ ತೇವ, ಬೆರಳಿನ ಬೆವರು ಚಿನ್ನದ ಬಣ್ಣದ ಬಿಲ್ಲೆಗಳ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟುತ್ತವೆ.

ಕ್ಯಾಮೆರಾ ಆರಿಸಿ ಬ್ಯಾಟರಿ ತೆಗೆಯಿರಿ. ಲೆನ್ಸ್ ಕಳಚಿ, ಬಾಡಿಯ ಬಾಯಿ ಕೆಳಮುಖವಾಗಿರಲಿ. ರಬ್ಬರ್ ಬ್ಲೋವರಿನಿಂದ ಎರಡಕ್ಕೂ ಗಾಳಿ ಹೊಡೆಯಿರಿ. ಬಾಯಿಂದ ಊದಿದರೆ ಎಂಜಲ ಹನಿ ಕನ್ನಡಿಗೆ ಹಾರುತ್ತದೆ. ಡಬ್ಬಿಯ ಗಾಳಿ ಬೇಡ, ಅದರ ಒತ್ತಡಕ್ಕೆ ಮುಖ್ಯ ಕನ್ನಡಿಯ ಹಿಂದಿನ ಪುಟ್ಟ ಕನ್ನಡಿ ಜರುಗಬಹುದು. ಡಿಎಸ್‌ಎಲ್‌ಆರ್‌ನ ಫೋಕಸ್ ಸೆನ್ಸರ್ ಇರುವುದು ಕನ್ನಡಿ ಪೆಟ್ಟಿಗೆಯ ತಳದಲ್ಲಿ. ಅಲ್ಲಿ ಕೂತ ಎಳೆ, ಧೂಳಿನಿಂದಲೂ ಫೋಕಸ್ ತಪ್ಪುತ್ತದೆ, ಆ ಬ್ಲೋವರ್ ಗಾಳಿಯಿಂದ ಎಷ್ಟೋ ಸಲ ಅದೂ ಹೋಗುತ್ತದೆ.

ನಾರು ಬಿಡದ ಬಟ್ಟೆಯ ಮೂಲೆಗೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ. ಹನಿ ಬೀಳಬೇಕಾದ್ದು ಬಟ್ಟೆಗೆ, ಲೆನ್ಸಿಗಲ್ಲ. ಬಿಲ್ಲೆಗಳನ್ನು ಒಂದೇ ದಿಕ್ಕಿಗೆ ಎರಡು ಮೂರು ಸಲ ಒರೆಸಿ, ಎರಡು ನಿಮಿಷ ಆರಲು ಬಿಡಿ. ಬಾಡಿಯ ಕಡೆಯ ಪಿನ್ನುಗಳು ಸ್ಪ್ರಿಂಗ್ ಮೇಲೆ ಕೂತಿರುತ್ತವೆ. ಎಲ್ಲವೂ ಒಂದೇ ಎತ್ತರಕ್ಕಿವೆಯೆ ನೋಡಿ, ಒಂದು ಒಳಗೇ ಸಿಕ್ಕಿಕೊಂಡಿದ್ದರೆ ಅದೇ ಕಳ್ಳ. ಈ ಆಲ್ಕೋಹಾಲ್ ಮೊಬೈಲ್ ರಿಪೇರಿಯವರ ಬಳಿ ಇರುತ್ತದೆ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯಲ್ಲಿ ಕೇಳಿ ನೋಡಿ. ಸ್ಯಾನಿಟೈಸರ್ ಅದಕ್ಕೆ ಬದಲಿಯಲ್ಲ. ಅದರ ಅಂಟು ಹಾಗೇ ಉಳಿಯುತ್ತದೆ. ರಬ್ಬರಿನಿಂದ ಉಜ್ಜಿದರೆ ಹುಡಿ ಒಳಗೆ ಬೀಳುತ್ತದೆ, ಉಪ್ಪುಕಾಗದ ಚಿನ್ನದ ಲೇಪವನ್ನೇ ಕಿತ್ತುಹಾಕುತ್ತದೆ.

ಮತ್ತೆ ಲೆನ್ಸ್ ಕೂರಿಸುವಾಗ ಕ್ಲಿಕ್ ಎನ್ನುವ ತನಕ ತಿರುಗಿಸಿ. ಕೂತ ಮೇಲೂ ಲೆನ್ಸ್ ಲೊಡಲೊಡ ಎಂದರೆ ಮೌಂಟಿನ (ಲೆನ್ಸ್ ಕೂರುವ ಬಳೆ) ಸ್ಕ್ರೂ ಸಡಿಲ, ಅಥವಾ ಕಿಟ್ ಲೆನ್ಸಿನ ಪ್ಲಾಸ್ಟಿಕ್ ಮೌಂಟಿನ ಹಲ್ಲು ಮುರಿದಿದೆ. ಇದೇ ಹೊತ್ತಿಗೆ ಬ್ಯಾಟರಿಯನ್ನೂ ಪೂರ್ತಿ ಚಾರ್ಜ್ ಮಾಡಿ. ಅರೆಜೀವದ ಬ್ಯಾಟರಿಯಲ್ಲಿ ದೊಡ್ಡ ಲೆನ್ಸಿನ ಮೋಟಾರ್ ನಿಧಾನವಾಗುತ್ತದೆ.

ತೇವ, ಹಬೆ, ಬೂಷ್ಟು

ಕೊಡಗಿನಲ್ಲಿ ಲೆನ್ಸನ್ನು ನಿಜವಾಗಿ ಕೆಡಿಸುವುದು ಬೀಳುವುದಕ್ಕಿಂತ ಹೆಚ್ಚಾಗಿ ಕಕ್ಕಡ ಮಾಸದ (ಜೋರು ಮಳೆಯ ತಿಂಗಳು) ಬೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಟ್ಟ ಮರದ ಬೀರುವಿನಲ್ಲಿ, ಅದರಲ್ಲೂ ಚರ್ಮದ ಕೇಸಿನೊಳಗೆ, ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಬೂಷ್ಟು ಹಿಡಿದ ಗಾಜು ಬೆಳಕನ್ನು ಚದುರಿಸುತ್ತದೆ, ಅಂಚುಗಳು ಮಂಕಾಗುತ್ತವೆ, ಮಂಜಿನಲ್ಲಿ ಆದದ್ದೇ ಲೆನ್ಸಿನೊಳಗೂ ಆಗುತ್ತದೆ. ಮೋಟಾರಿನದು ಏನೂ ತಪ್ಪಿರುವುದಿಲ್ಲ.

ಪರೀಕ್ಷೆ ಸುಲಭ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂಬದಿಯಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಕ್ಯಾನನ್ ಇಎಫ್ ಲೆನ್ಸ್ ಕಳಚಿದಾಗ ಅಪರ್ಚರ್ ಸಾಮಾನ್ಯವಾಗಿ ತೆರೆದೇ ಇರುತ್ತದೆ. ನಿಕಾನ್‌ನ ಜಿ ಲೆನ್ಸಿನಲ್ಲಿ ಮುಚ್ಚಿರುತ್ತದೆ, ಮೌಂಟಿನ ಒಳಗಿರುವ ಸಣ್ಣ ಸನ್ನೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಹಿಡಿದುಕೊಳ್ಳಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಕಂಡರೆ ಚಿಂತೆ ಬೇಡ. ಅಂಚಿನಿಂದ ಒಳಕ್ಕೆ ಜೇಡರ ಬಲೆಯಂತೆ ಕವಲೊಡೆದ ಎಳೆಗಳಿದ್ದರೆ ಬೂಷ್ಟು. ಹೊರಗಿನ ಗಾಜಿನ ಮೇಲಿದ್ದರೆ ಲೆನ್ಸ್ ದ್ರವದಿಂದ ಒರೆಸಬಹುದು, ಒಳಗಿದ್ದರೆ ಬಿಚ್ಚಿ ತೊಳೆಯಬೇಕು, ಅದು ಸರ್ವಿಸಿನವರ ಕೆಲಸ. ತಡಮಾಡಿದರೆ ಬೂಷ್ಟು ಗಾಜಿನ ಲೇಪವನ್ನು ತಿಂದು ಕಲೆ ಶಾಶ್ವತವಾಗುತ್ತದೆ. ಬಿಸಿಲಿಗಿಟ್ಟರೆ ಬೆಳವಣಿಗೆ ತಗ್ಗೀತು, ಆದರೆ ಇರುವ ಬೂಷ್ಟು ಹೋಗದು. ಬಿಸಿಯೇರಿ ಒಳಗಿನ ಗ್ರೀಸ್ ಕರಗಿ ಅಪರ್ಚರಿನ ಎಲೆಗಳಿಗೆ ಹರಿದರೆ ಹೊಸ ರೋಗ.

ಇಡುವ ಬಗೆ ಹೀಗೆ. ಅಡುಗೆಮನೆಯಲ್ಲಿ ಬಳಸುವಂಥ, ಮುಚ್ಚಳಕ್ಕೆ ರಬ್ಬರ್ ಅಂಚಿರುವ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ, 200ರಿಂದ 300 ಗ್ರಾಂ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಜೊತೆಗೊಂದು ಪುಟ್ಟ ಡಿಜಿಟಲ್ ಹೈಗ್ರೊಮೀಟರ್. ತೇವಾಂಶ 40ರಿಂದ 50 ಪ್ರತಿಶತದ ನಡುವೆ ಇರಲಿ. 60 ದಾಟಿದರೆ ಬೂಷ್ಟಿಗೆ ಆಹ್ವಾನ. 30ಕ್ಕಿಂತ ಕೆಳಗಿಳಿದರೆ ರಬ್ಬರಿಗೆ, ಗ್ರೀಸಿಗೆ ಒಳ್ಳೆಯದಲ್ಲ. ಜೆಲ್ ಬಣ್ಣ ಬದಲಾದಾಗ ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿ, ಮುಚ್ಚಿದ ಪಾತ್ರೆಯಲ್ಲಿ ಆರಿಸಿ ಮತ್ತೆ ಬಳಸಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ಕೊಳ್ಳಿ, ಯಾವುದೇ ಆದರೂ ಅಡುಗೆಯ ತವಾದಲ್ಲಿ ಹುರಿಯಬೇಡಿ. ವಾರಕ್ಕೊಮ್ಮೆ ಲೆನ್ಸ್ ಹೊರತೆಗೆದು ಎರಡು ಚಿತ್ರ ತೆಗೆದು ಇಡುವುದು ಯಾವ ಜೆಲ್‌ಗೂ ಕಡಿಮೆಯಲ್ಲ.

ಹಬೆ ಕಟ್ಟುವುದು ಇನ್ನೊಂದು. 1,748 ಮೀಟರ್ ಎತ್ತರದ ತಡಿಯಂಡಮೋಳ್ ಮೇಲೆ ಬೆಳಗಿನ ತಂಡಿಗೆ ತಣ್ಣಗಾದ ಲೆನ್ಸನ್ನು ನೇರ ಬೆಚ್ಚಗಿನ ಅಡುಗೆಮನೆಗೆ ತಂದರೆ ಗಾಜಿನ ಮೇಲೆ, ಕೆಲವೊಮ್ಮೆ ಒಳಗೂ, ನೀರಹನಿ ಕೂರುತ್ತದೆ. ಹೊರಗಿರುವಾಗಲೇ ಜಿಪ್ ಕವರಿನಲ್ಲಿ ಹಾಕಿ ಗಾಳಿ ಆಡದಂತೆ ಮುಚ್ಚಿ, ಒಳಗೆ ತಂದ ಮೇಲೆ ಅರ್ಧದಿಂದ ಒಂದು ಗಂಟೆ ಹಾಗೇ ಬಿಡಿ. ಈಗಾಗಲೇ ಒಳಗೆ ಹಬೆ ಕಟ್ಟಿದ್ದರೆ ಬ್ಯಾಟರಿ ತೆಗೆದು ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಂದೆರಡು ದಿನ ಇಡಿ. ಆರುವ ಮೊದಲು ಫೋಕಸ್ ಮೋಟಾರನ್ನು ಓಡಿಸಿ ನೋಡುವ ಆತುರ ಬೇಡ. ಅಕ್ಕಿ ಚೀಲದಲ್ಲಿ ಹೂತಿಟ್ಟರೆ ತೌಡಿನ ಹುಡಿ ರಿಂಗಿನೊಳಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟ ಕಾಳುಮೆಣಸಿಗೆ ಸರಿ, ಲೆನ್ಸಿಗಲ್ಲ.

ಲೆನ್ಸೋ ಬಾಡಿಯೋ?

ಇಲ್ಲಿಯವರೆಗೆ ಉತ್ತರ ಸಿಗದಿದ್ದರೆ ಗೆಳೆಯರ ಬಳಿ ಅದೇ ಮೌಂಟಿನ ಇನ್ನೊಂದು ಬಾಡಿ, ಇನ್ನೊಂದು ಲೆನ್ಸ್ ಕೇಳಿ ತನ್ನಿ. ನಿಮ್ಮ ಲೆನ್ಸ್ ಅವರ ಬಾಡಿಯಲ್ಲೂ ಫೋಕಸ್ ಮಾಡದಿದ್ದರೆ ಲೆನ್ಸ್ ಕೆಟ್ಟಿದೆ. ಅವರ ಲೆನ್ಸ್ ನಿಮ್ಮ ಬಾಡಿಯಲ್ಲಿ ಮಾಡದಿದ್ದರೆ ಬಾಡಿ. ಎರಡೂ ಬೇರೆ ಬೇರೆ ಕಡೆ ಸರಿಯಾಗಿದ್ದು ಒಟ್ಟಿಗೆ ಮಾತ್ರ ತಪ್ಪಿದರೆ ಹೊಂದಾಣಿಕೆ ಕೆಟ್ಟಿದೆ. ಅದನ್ನು ಅಳೆಯಲು ಹೀಗೆ ಮಾಡಿ.

ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ: ಸಪಾಟು, ಉದ್ದ, ಒಳ್ಳೆಯ ಬೆಳಕು. ದಪ್ಪ ಅಂಕಿಗಳ ಗೋಡೆ ಕ್ಯಾಲೆಂಡರನ್ನು ರಟ್ಟಿಗೆ ಅಂಟಿಸಿ ನೆಟ್ಟಗೆ ನಿಲ್ಲಿಸಿ. ಪಕ್ಕದಲ್ಲಿ ಒಂದು ಅಡಿಪಟ್ಟಿಯನ್ನು 45 ಡಿಗ್ರಿ ಓರೆಯಾಗಿ, ಅದರ 15ರ ಗೆರೆ ಕ್ಯಾಲೆಂಡರಿನ ಮಟ್ಟಕ್ಕೆ ಸರಿಯಾಗಿ ಬರುವಂತೆ ಇಡಿ. ದೂರ, ಲೆನ್ಸಿನ ಎಂಎಂ ಅಳತೆಯ 25ರಿಂದ 50 ಪಟ್ಟು: 50 ಎಂಎಂಗೆ 1.25ರಿಂದ 2.5 ಮೀಟರ್, 300ಕ್ಕೆ 7.5ರಿಂದ 15 ಮೀಟರ್. ಟ್ರೈಪಾಡ್, ಎರಡು ಸೆಕೆಂಡ್ ಟೈಮರ್, ವಿಆರ್ ಅಥವಾ ಐಎಸ್ (ಅಲುಗಾಟ ತಡೆ) ಬಂದ್, ಅಪರ್ಚರ್ ಪೂರ್ತಿ ತೆರೆದು, ನಡುವಿನ ಪಾಯಿಂಟ್, ಎಎಫ್-ಎಸ್. ಟ್ಯೂಬ್‌ಲೈಟ್ ಕೆಳಗೆ ಮಾಡಬೇಡಿ, ಬೆಳಕಿನ ಬಣ್ಣ ಬದಲಾದರೆ ಫೇಸ್ ಡಿಟೆಕ್ಷನ್‌ನ ಅಳತೆಯೂ ಸ್ವಲ್ಪ ಜರುಗುತ್ತದೆ.

ವ್ಯೂಫೈಂಡರಿನಿಂದ ಹತ್ತು ಚಿತ್ರ ತೆಗೆಯಿರಿ. ಪ್ರತಿ ಸಲವೂ ಮೊದಲು ಫೋಕಸ್ ಕೆಡಿಸಿ, ಐದು ಸಲ ಹತ್ತಿರದ ಕಡೆಗೆ, ಐದು ಸಲ ದೂರದ ಕಡೆಗೆ. ಆಮೇಲೆ ಲೈವ್ ವ್ಯೂನಲ್ಲಿ ಐದು. ಲೈವ್ ವ್ಯೂ ಚಿತ್ರಗಳು ಚೂಪಾಗಿದ್ದು, ಉಳಿದ ಹತ್ತೂ ಒಂದೇ ಕಡೆಗೆ ತಪ್ಪಿದ್ದರೆ ಇದು ಫ್ರಂಟ್ ಫೋಕಸ್ (ವಸ್ತುವಿಗಿಂತ ಮುಂದೆ) ಅಥವಾ ಬ್ಯಾಕ್ ಫೋಕಸ್ (ಹಿಂದೆ), ಸರಿಪಡಿಸಬಹುದು. ಹತ್ತು ಚಿತ್ರ ಹತ್ತು ಕಡೆ ಚೆದುರಿದ್ದರೆ ಹೊಂದಾಣಿಕೆಯಿಂದ ಪ್ರಯೋಜನವಿಲ್ಲ, ಮೋಟಾರಿನಲ್ಲೋ ಮೌಂಟಿನಲ್ಲೋ ಸಡಿಲವಿದೆ. ಲೈವ್ ವ್ಯೂ ಕೂಡ ಮಸುಕಾದರೆ ಗಾಜಿನದೇ ತೊಂದರೆ. ಚಿತ್ರದ ಒಂದು ಬದಿ ಚೂಪು, ಇನ್ನೊಂದು ಬದಿ ಮಸುಕು ಅಂದರೆ ಬಿದ್ದ ಪೆಟ್ಟಿಗೆ ಗಾಜೊಂದು ಓರೆಯಾಗಿದೆ.

ಈ ತಪ್ಪನ್ನು ಸರಿಪಡಿಸುವ ಸೆಟ್ಟಿಂಗ್‌ನ ಹೆಸರು ಕ್ಯಾನನ್‌ನಲ್ಲಿ ಮೈಕ್ರೊ ಅಡ್ಜಸ್ಟ್‌ಮೆಂಟ್, ನಿಕಾನ್‌ನಲ್ಲಿ ಎಎಫ್ ಫೈನ್ ಟ್ಯೂನ್. ಎರಡರಲ್ಲೂ ಮಿತಿ -20ರಿಂದ +20. ಪ್ಲಸ್ ಹಾಕಿದರೆ ಫೋಕಸ್ ಹಿಂದಕ್ಕೆ, ಅಂದರೆ ಕ್ಯಾಮೆರಾದಿಂದ ದೂರಕ್ಕೆ ಸರಿಯುತ್ತದೆ, ಮೈನಸ್ ಹತ್ತಿರಕ್ಕೆ. ಐದರ ಹೆಜ್ಜೆಯಲ್ಲಿ ಶುರು ಮಾಡಿ, ಸಮೀಪಿಸಿದ ಮೇಲೆ ಒಂದೊಂದಾಗಿ. ಝೂಮ್‌ಗೆ ಒಂದೇ ಅಂಕಿ ಕೊಡಬಹುದಾದ ಬಾಡಿಯಲ್ಲಿ ಉದ್ದನೆಯ ತುದಿಗೆ ಸರಿಮಾಡಿ, ತಪ್ಪು ಎದ್ದು ಕಾಣುವುದು ಅಲ್ಲೇ. ಕ್ಯಾನನ್ 1500ಡಿ, ನಿಕಾನ್ ಡಿ3500, ಡಿ5600ರಂಥ ಬಾಡಿಗಳಲ್ಲಿ ಈ ಸೌಲಭ್ಯ ಇಲ್ಲ. ಸಿಗ್ಮಾದ ಡಿಎಸ್‌ಎಲ್‌ಆರ್‌ಗಾಗಿ ಬಂದ ಆರ್ಟ್, ಕಂಟೆಂಪರರಿ, ಸ್ಪೋರ್ಟ್ಸ್ ಲೆನ್ಸ್‌ಗಳಿಗೆ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ನ ಕೆಲವು ಡಿಎಸ್‌ಎಲ್‌ಆರ್ ಲೆನ್ಸ್‌ಗಳಿಗೆ ಟ್ಯಾಪ್-ಇನ್ ಕನ್ಸೋಲ್ ಎಂಬ, ಕಂಪ್ಯೂಟರಿನಿಂದ ಸರಿಮಾಡುವ ಸಾಧನಗಳಿವೆ. ಮಿರರ್‌ಲೆಸ್‌ನಲ್ಲಿ ಅಳೆಯುವುದು ಚಿತ್ರ ಹಿಡಿಯುವ ಸೆನ್ಸರೇ ಆದ್ದರಿಂದ ಈ ಕಸರತ್ತು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಶಬ್ದ ಕೇಳಿ

ಮೋಟಾರಿನ ಸದ್ದು ಬಹಳ ಹೇಳುತ್ತದೆ. ಗುಂಯ್ ಎಂದು ಓಡುತ್ತಿದೆ, ಚಿತ್ರ ಮಾತ್ರ ಕದಲುತ್ತಿಲ್ಲ ಎಂದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆ. ಹಳೆಯ ಕಿಟ್ ಲೆನ್ಸ್‌ಗಳನ್ನು ಎಎಫ್‌ನಲ್ಲಿ ಬಿಟ್ಟೇ ಮುಂದಿನ ರಿಂಗನ್ನು ಕೈಯಿಂದ ತಿರುಗಿಸುವ ಅಭ್ಯಾಸದ ಫಲ ಇದು. ಅಲ್ಟ್ರಾಸಾನಿಕ್ ಮೋಟಾರ್ ಕೀಚಲು ಸದ್ದು ಮಾಡಿದರೆ ಸವೆತ ಶುರುವಾಗಿದೆ, ಇನ್ನೂ ಕೆಲಸ ಮಾಡುತ್ತಿದೆ ಎಂದು ನಂಬಿ ಮದುವೆಗೆ ಒಯ್ಯಬೇಡಿ. ಜೀಪ್ ದಾರಿಯ ಕೆಂಪು ಧೂಳು ಹೊಕ್ಕ ರಿಂಗ್ ಕರಕರ ಎನ್ನುತ್ತದೆ. ಎಣ್ಣೆ ಬಿಟ್ಟರೆ ಧೂಳು ಅಂಟಾಗಿ ಇನ್ನೂ ಕೆಡುತ್ತದೆ. 18ರಲ್ಲಿ ಸರಿಯಾಗಿ ಫೋಕಸ್ ಮಾಡಿ 55ಕ್ಕೆ ಎಳೆದಾಗ ನಿಲ್ಲುವ, ಅಥವಾ ಝೂಮಿನ ಒಂದು ಜಾಗದಲ್ಲಿ ಮಾತ್ರ ಎರರ್ ಕೊಡುವ ಲೆನ್ಸಿನಲ್ಲಿ ಒಳಗಿನ ಫ್ಲೆಕ್ಸ್ ಕೇಬಲ್ ಸೀಳಿರುತ್ತದೆ. ಏನೂ ಸದ್ದಿಲ್ಲ, ಆದರೆ ಎಂಎಫ್‌ನಲ್ಲಿ ರಿಂಗ್ ತಿರುಗಿಸಿದರೆ ಚಿತ್ರ ಚೂಪಾಗುತ್ತದೆ ಎಂದಾದರೆ ಗಾಜು ಕ್ಷೇಮ, ಮೋಟಾರೋ ಅದರ ತಂತಿಯೋ ಹೋಗಿದೆ.

ದೋಷವಲ್ಲದ ಸದ್ದೂ ಇದೆ. ಸೋನಿ, ಫ್ಯೂಜಿಫಿಲ್ಮ್‌ನ ಲೀನಿಯರ್ ಮೋಟಾರ್ ಲೆನ್ಸ್‌ಗಳನ್ನು ಕ್ಯಾಮೆರಾ ಆರಿಸಿ ಅಲುಗಿಸಿದರೆ ಒಳಗೇನೋ ಕಳಚಿದಂತೆ ಗಡಗಡ ಎನ್ನುತ್ತವೆ. ಕರೆಂಟ್ ಇಲ್ಲದಾಗ ಫೋಕಸ್ ಗಾಜು ಹಿಡಿತವಿಲ್ಲದೆ ಜಾರುವುದು ಸಹಜ. ಎಸ್‌ಟಿಎಂ ಲೆನ್ಸಿನ ಫೋಕಸ್ ರಿಂಗ್ ಕ್ಯಾಮೆರಾ ಆರಿಸಿದಾಗ ಕೆಲಸ ಮಾಡದಿರುವುದೂ ಹಾಗೆಯೇ. ಆದರೆ ಕ್ಯಾನನ್ 50 ಎಸ್‌ಟಿಎಂನ ಮುಂದಿನ ಕೊಳವೆ ಹೊರಗೆ ನಿಂತಿದ್ದರೆ ಬೆರಳಿನಿಂದ ಒಳಗೆ ತಳ್ಳಬೇಡಿ. ಕ್ಯಾಮೆರಾ ಆನ್ ಮಾಡಿ, ದೂರದ ವಸ್ತುವಿಗೆ ಫೋಕಸ್ ಮಾಡಿದರೆ ತಾನೇ ಒಳಗೆ ಹೋಗುತ್ತದೆ.

ಸರ್ವಿಸಿಗೆ ಕಳಿಸುವುದಾದರೆ

ಮೊದಲು ಕ್ಯಾಮೆರಾದ ಸೆಟ್ಟಿಂಗ್ ಪೂರ್ತಿ ರಿಸೆಟ್ ಮಾಡಿ, ಬಾಡಿ ಮತ್ತು ಲೆನ್ಸ್ ಎರಡರ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಹೊಸದಿದೆಯೆ ನೋಡಿ. ಆಮೇಲೂ ತೊಂದರೆ ಉಳಿದರೆ ಲೆನ್ಸ್, ಬಾಡಿ ಎರಡನ್ನೂ ಕೊಡಿ. ಹೊಂದಾಣಿಕೆಯ ದೋಷವನ್ನು ಲೆನ್ಸ್ ಒಂದನ್ನೇ ನೋಡಿ ಸರಿಮಾಡಲಾಗದು. ಕಾರ್ಡಿನಲ್ಲಿ ಎಡಿಟ್ ಮಾಡದ ನಾಲ್ಕೈದು ಪರೀಕ್ಷೆ ಚಿತ್ರ ಇರಲಿ. ಚೀಟಿಯಲ್ಲಿ "ಫೋಕಸ್ ಆಗುತ್ತಿಲ್ಲ" ಎಂದಷ್ಟೇ ಬರೆಯದೆ "300ರಲ್ಲಿ, 8 ಮೀಟರ್ ದೂರ, ವ್ಯೂಫೈಂಡರಿನಲ್ಲಿ ಹತ್ತಕ್ಕೆ ಹತ್ತೂ ಹತ್ತಿರಕ್ಕೆ ತಪ್ಪುತ್ತಿದೆ, ಲೈವ್ ವ್ಯೂ ಸರಿ" ಎಂದು ಬರೆಯಿರಿ. ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ, ಬಿಚ್ಚುವ ಮೊದಲು ಅಂದಾಜು ಖರ್ಚು ಕೇಳಿ. ಕಿಟ್ ಲೆನ್ಸಿನ ಮೋಟಾರ್ ಬದಲಿಸುವ ಖರ್ಚು ಅದೇ ಲೆನ್ಸಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ರಿಪೇರಿ ಬಿಡಿ. ಉದ್ದ ಲೆನ್ಸ್ ಆದರೆ ಲೆಕ್ಕ ಬೇರೆ, ಮಾಡಿಸಿ.

ಮಳೆಗಾಲದಲ್ಲಿ ಕೊರಿಯರ್ ಮಾಡುವವರು ಲೆನ್ಸನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಎರಡು ಜಿಪ್ ಕವರಿನಲ್ಲಿ ಹಾಕಿ, ಲಿಮಿಟರ್ ತೆರೆದು, ಝೂಮ್ ಲಾಕ್ ಹಾಕಿ ಪ್ಯಾಕ್ ಮಾಡಿ. ವಾಪಸು ಬಂದ ದಿನವೇ ಕಣದಲ್ಲಿ ಅದೇ ಕ್ಯಾಲೆಂಡರ್, ಅದೇ ದೂರದಲ್ಲಿ ಮತ್ತೆ ಹತ್ತು ಚಿತ್ರ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ.